ಎಲ್ಲ ನೌಕರರಿಗೂ ಕಡ್ಡಾಯ ಡ್ರಗ್ ಟೆಸ್ಟ್: ನೀತಿ ಬರೆಯುವ ಮೊದಲು ಏನೇನು ಇತ್ಯರ್ಥವಾಗಬೇಕು?

ಪ್ರಶ್ನೆ ಕೇಳಿದವರು: ಶಿಫ್ಟ್_ಸುರಕ್ಷತೆ

ಕ್ರೇನ್, ಫೋರ್ಕ್‌ಲಿಫ್ಟ್, ಬಾಯ್ಲರ್ ಇರುವ ಕಾರ್ಖಾನೆ. ಅದೇ ಆವರಣದಲ್ಲಿ ಲೆಕ್ಕಪತ್ರ, ಮಾರಾಟ, ವಿನ್ಯಾಸ ವಿಭಾಗದ ಕಚೇರಿಯೂ ಇದೆ. ಆಡಳಿತದ ಪ್ರಸ್ತಾವ ಇಷ್ಟು: ಯಾವ ಹುದ್ದೆಯಾದರೂ ಸರಿ, ಎಲ್ಲರಿಗೂ ಕಡ್ಡಾಯ ಮೂತ್ರ ಪರೀಕ್ಷೆ. ಪರೀಕ್ಷೆ ಗೇಟಿನ ಪಕ್ಕದ ಕೋಣೆಯಲ್ಲೇ ಕಪ್ ಕಿಟ್‌ನಿಂದ. ಪಾಸಿಟಿವ್ ಬಂದರೆ ಅಂದೇ ಕೆಲಸದಿಂದ ತೆಗೆಯುವುದು. ಯೂನಿಯನ್ ಒಂದು ಹನಿಯನ್ನೂ ಕೊಡುವುದಿಲ್ಲ ಎಂದು ಕೂತಿದೆ.

ಪರ-ವಿರೋಧದ ಘೋಷಣೆಗಳು ಎರಡೂ ಕಡೆ ಬೇಕಾದಷ್ಟಿವೆ. ಇಲ್ಲಿ ಬೇಕಿರುವುದು ಕೆಲಸಕ್ಕೆ ಬರುವ ಉತ್ತರ. ಪಾಸಿಟಿವ್ ಎಂದರೆ ಆ ಮನುಷ್ಯ ಆ ಹೊತ್ತಿನಲ್ಲಿ ಅಮಲಿನಲ್ಲಿದ್ದ ಎಂದು ಅರ್ಥವೇ? ಕಪ್ ಕಿಟ್ ಫಲಿತಾಂಶವೊಂದನ್ನೇ ನಂಬಿ ಕ್ರಮ ಕೈಗೊಳ್ಳಬಹುದೇ? ಮುನ್ಸೂಚನೆ ಇಲ್ಲದ ರ‍್ಯಾಂಡಮ್ ಪರೀಕ್ಷೆಯಿಂದ ಅಪಘಾತ ನಿಜಕ್ಕೂ ಕಡಿಮೆಯಾಗುತ್ತದೆಯೇ? ವೈದ್ಯರು ಬರೆದುಕೊಟ್ಟ ಔಷಧಿ ತೆಗೆದುಕೊಳ್ಳುವವರನ್ನು ಏನು ಮಾಡಬೇಕು? ಗೊತ್ತಿದ್ದವರು ವಿವರವಾಗಿ ಬರೆಯಿರಿ.


ಉತ್ತರ 1: ಲ್ಯಾಬ್_ಬೆಂಚು

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಮೂತ್ರ ಪಾಸಿಟಿವ್ ಬಂದರೆ ಆ ವಸ್ತು ಯಾವಾಗಲೋ ದೇಹದೊಳಗೆ ಹೋಗಿತ್ತು ಎಂದಷ್ಟೇ ಗೊತ್ತಾಗುತ್ತದೆ. ಯಾವಾಗ ಹೋಯಿತು, ಎಷ್ಟು ಹೋಯಿತು, ಕೆಲಸದ ಹೊತ್ತಿನಲ್ಲಿ ಕೈ ನಡುಗುತ್ತಿತ್ತೇ ಎಂಬುದನ್ನು ಆ ಬಾಟಲಿ ಹೇಳುವುದಿಲ್ಲ.

ಗಾಂಜಾವನ್ನೇ ನೋಡಿ. ಲ್ಯಾಬ್ ಮೂತ್ರದಲ್ಲಿ ಹುಡುಕುವುದು ಅಮಲು ತರುವ ಟಿಎಚ್‌ಸಿಯನ್ನಲ್ಲ. ಯಕೃತ್ತು ಅದನ್ನು ಬದಲಿಸಿದ ಮೇಲೆ ಉಳಿಯುವ ಕಾರ್ಬಾಕ್ಸಿ-ಟಿಎಚ್‌ಸಿ ಎಂಬ ಆಮ್ಲವನ್ನು. ಅದಕ್ಕೆ ಅಮಲೇರಿಸುವ ಗುಣವೇ ಇಲ್ಲ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಗೆ ಬರುವುದರಿಂದ, ಅಪರೂಪಕ್ಕೆ ಒಮ್ಮೆ ಸೇದಿದವರಲ್ಲಿ ಸುಮಾರು ಮೂರು ದಿನ, ದಿನವೂ ಸೇದುತ್ತಿದ್ದು ಬಿಟ್ಟವರಲ್ಲಿ ತಿಂಗಳವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಪಾಸಿಟಿವ್ ಬರಬಹುದು. ಕೊಕೇನ್, ಆಂಫೆಟಮೈನ್‌ಗಳು ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮುಗಿಯುತ್ತವೆ. ಇದರ ಪರಿಣಾಮ ಗಮನಿಸಿ: ಹೆಚ್ಚು ಅಪಾಯದ ವಸ್ತು ಬೇಗ ಮಾಯವಾಗುತ್ತದೆ, ಗಾಂಜಾ ವಾರಗಟ್ಟಲೆ ಸಿಕ್ಕಿಬೀಳುತ್ತದೆ. ಇನ್ನು ಮಾಮೂಲಿ ಐದು ವಸ್ತುಗಳ ಪ್ಯಾನೆಲ್‌ನಲ್ಲಿ ಮದ್ಯ ಇರುವುದೇ ಇಲ್ಲ. ಕುಡಿದು ಬಂದ ಕ್ರೇನ್ ಚಾಲಕ ನಿಮ್ಮ ಕಪ್ ಕಿಟ್‌ನಲ್ಲಿ ಸಲೀಸಾಗಿ ನೆಗೆಟಿವ್ ಬರುತ್ತಾನೆ.

ಎರಡನೆಯದು, ಕಿಟ್. ಅದರ ಕಾಗದದ ಪಟ್ಟಿಯ ಮೇಲೆ ನಡೆಯುವುದು ಪೈಪೋಟಿ. ಬಣ್ಣ ಕಟ್ಟಿದ ಪ್ರತಿಕಾಯಗಳು (ಮಾದಕ ವಸ್ತುವಿಗೆ ಅಂಟಿಕೊಳ್ಳುವ ಪ್ರೋಟೀನುಗಳು) ಮೂತ್ರದ ಜೊತೆ ಪಟ್ಟಿಯಲ್ಲಿ ಮೇಲೇರುತ್ತವೆ. ಪರೀಕ್ಷಾ ಗೆರೆಯ ಜಾಗದಲ್ಲಿ ಅದೇ ಮಾದಕ ವಸ್ತುವನ್ನು ಮೊದಲೇ ಅಂಟಿಸಿರುತ್ತಾರೆ. ಮೂತ್ರದಲ್ಲಿ ವಸ್ತು ಇದ್ದರೆ ಪ್ರತಿಕಾಯಗಳನ್ನು ಅದೇ ಹಿಡಿದುಬಿಡುತ್ತದೆ, ಗೆರೆಗೆ ಅಂಟಲು ಏನೂ ಉಳಿಯುವುದಿಲ್ಲ. ಹಾಗಾಗಿ ಗರ್ಭಧಾರಣೆ ಕಿಟ್‌ಗೆ ಇದು ಪೂರ್ತಿ ಉಲ್ಟಾ: ಗೆರೆ ಮೂಡಿದರೆ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಮಸುಕಾದ ಗೆರೆಯೂ ನೆಗೆಟಿವ್ ಗೆರೆಯೇ. ಗೇಟಿನ ಕೋಣೆಯಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ. ತರಬೇತಿ ಇಲ್ಲದವರು ಮಸುಕಾದ ಗೆರೆ ನೋಡಿ 'ಸ್ವಲ್ಪ ಪಾಸಿಟಿವ್' ಎಂದು ಬರೆದುಬಿಡುತ್ತಾರೆ. ಸ್ವಲ್ಪ ಪಾಸಿಟಿವ್ ಎಂಬ ಫಲಿತಾಂಶ ಇಲ್ಲ. ಕಿಟ್ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಬಾರದಿದ್ದರೆ ಆ ಕಿಟ್ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಐದು ನಿಮಿಷಕ್ಕೆ ಓದಬೇಕು. ಎಷ್ಟು ನಿಮಿಷದ ನಂತರ ಓದಬಾರದು ಎಂಬುದೂ ಕಿಟ್‌ನ ಚೀಟಿಯಲ್ಲಿರುತ್ತದೆ, ಅದನ್ನು ಮೀರಬಾರದು. ಪೊಟ್ಟಣ ಒಡೆದು ಇಟ್ಟ ಪಟ್ಟಿ ತೇವ ಹೀರಿ ಕೆಡುತ್ತದೆ. ಬಿಸಿಲು ಬೀಳುವ ಕಪಾಟಿನಲ್ಲಿಟ್ಟ ಕಿಟ್ ಅವಧಿ ಮುಗಿಯುವ ಮೊದಲೇ ಹಾಳಾಗಿರಬಹುದು.

ಪ್ರತಿಕಾಯಗಳು ರೂಪದಲ್ಲಿ ಹೋಲುವ ಬೇರೆ ಅಣುಗಳಿಗೂ ಮೋಸಹೋಗುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫಿಡ್ರಿನ್, ಖಿನ್ನತೆಗೆ ಕೊಡುವ ಬುಪ್ರೊಪಿಯಾನ್, ರಕ್ತದೊತ್ತಡಕ್ಕೆ ಕೊಡುವ ಲ್ಯಾಬೆಟಲಾಲ್ ಇವು ಆಂಫೆಟಮೈನ್ ಪಟ್ಟಿಯಲ್ಲಿ ಪಾಸಿಟಿವ್ ತೋರಿಸಬಲ್ಲವು. ಲೆವೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ ಓಪಿಯೇಟ್ (ಅಫೀಮಿನಿಂದ ಬರುವ ವಸ್ತುಗಳ) ಪಟ್ಟಿಯಲ್ಲಿ, ಕೆಮ್ಮಿನ ಸಿರಪ್‌ನ ಡೆಕ್ಸ್ಟ್ರೊಮೆಥಾರ್ಫನ್ ಪಿಸಿಪಿ (ಭ್ರಮೆ ತರುವ ಒಂದು ಮಾದಕ ವಸ್ತು) ಪಟ್ಟಿಯಲ್ಲಿ.

ಅದಕ್ಕೇ ಎರಡು ಹಂತ ಬೇಕು. ಮೊದಲ ಹಂತದ ಸ್ಕ್ರೀನಿಂಗ್ ಪಾಸಿಟಿವ್ ಆದರೆ ಅದೇ ಸ್ಯಾಂಪಲ್ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹೋಗಬೇಕು. ಅದು ಅಣುವನ್ನು ಒಡೆದು ತುಂಡುಗಳ ತೂಕದಿಂದ ಗುರುತಿಸುತ್ತದೆ, ಮೇಲಿನ ಗೊಂದಲಗಳಲ್ಲಿ ಬಹುತೇಕ ಅಲ್ಲೇ ತೀರುತ್ತವೆ. ಅಮೆರಿಕದ ಸಾರಿಗೆ ಇಲಾಖೆಯ ನಿಯಮದಲ್ಲಿ ಮೂತ್ರದ ಕಟ್-ಆಫ್ (ಪಾಸಿಟಿವ್ ಎನ್ನಲು ಮುಟ್ಟಬೇಕಾದ ಮಟ್ಟ) ಹೀಗಿದೆ, ಪ್ರತಿ ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ: ಗಾಂಜಾ ಸ್ಕ್ರೀನಿಂಗ್‌ಗೆ 50, ಖಚಿತಪಡಿಸಲು 15. ಕೊಕೇನ್ ಉಪವಸ್ತು (ದೇಹ ಅದನ್ನು ಬದಲಿಸಿದ ಮೇಲೆ ಉಳಿಯುವುದು) 150, 100. ಆಂಫೆಟಮೈನ್ 500, 250. ಮಾರ್ಫಿನ್ ಮತ್ತು ಕೊಡೀನ್ ಎರಡೂ ಹಂತಕ್ಕೆ 2000. ಈ ಕೊನೆಯದು ಮೊದಲು 300 ಇತ್ತು. ಗಸಗಸೆ ತಿಂದವರೂ ಸಿಕ್ಕಿಬೀಳುತ್ತಿದ್ದರು, 1998ರಲ್ಲಿ 2000ಕ್ಕೆ ಏರಿಸಿದರು.

ಒಂದು ಲೆಕ್ಕ ಹಾಕಿ ನಿಲ್ಲಿಸುತ್ತೇನೆ. ಸಾವಿರ ಜನರಲ್ಲಿ 20 ಮಂದಿ ನಿಜಕ್ಕೂ ಬಳಸುವವರು ಎಂದು ಹಿಡಿದುಕೊಳ್ಳಿ. ಬಳಸುವ ನೂರರಲ್ಲಿ 95 ಜನರನ್ನು ಹಿಡಿಯುವ, ಬಳಸದ ನೂರರಲ್ಲಿ 97 ಜನರನ್ನು ಸರಿಯಾಗಿ ಬಿಡುವ ಕಿಟ್ ಎನ್ನೋಣ. 20ರಲ್ಲಿ 19 ಸಿಗುತ್ತಾರೆ. ಉಳಿದ 980ರಲ್ಲಿ ಶೇ 3 ಎಂದರೆ 29 ನಿರ್ದೋಷಿಗಳೂ ಸಿಗುತ್ತಾರೆ. ಒಟ್ಟು 48 ಪಾಸಿಟಿವ್, ಅದರಲ್ಲಿ 29 ಸುಳ್ಳು. ಕಚೇರಿ ಸಿಬ್ಬಂದಿಯನ್ನೂ ಸೇರಿಸಿ ಬಳಕೆ ಕಡಿಮೆ ಇರುವ ಗುಂಪನ್ನು ಹಿಗ್ಗಿಸಿದಷ್ಟೂ ಈ ಅನುಪಾತ ಇನ್ನಷ್ಟು ಕೆಡುತ್ತದೆ. ಸ್ಕ್ರೀನಿಂಗ್ ಒಂದನ್ನೇ ನಂಬಿ ಅಂದೇ ಮನೆಗೆ ಕಳಿಸುವುದು ಎತ್ತು ಈಯಿತು ಎಂದರೆ ಕರು ಕಟ್ಟು ಎಂದ ಹಾಗೆ.


ಉತ್ತರ 2: ಸೀಲು_ಮತ್ತು_ಸಹಿ

ಲ್ಯಾಬ್ ಎಷ್ಟೇ ಚೆನ್ನಾಗಿದ್ದರೂ ಕೇಸು ಬೀಳುವುದು ಸಂಗ್ರಹಣೆಯ ಕೋಣೆಯಲ್ಲಿ. ಆಡಳಿತದವರು ಇದನ್ನು ಕ್ಷುಲ್ಲಕ ಎಂದುಕೊಳ್ಳುತ್ತಾರೆ. ಆದರೆ ವಿಚಾರಣೆಯಲ್ಲಿ ವಕೀಲರು ಮೊದಲು ಎಳೆಯುವ ದಾರ ಇದೇ.

ನೌಕರನ ಗುರುತಿನ ಚೀಟಿ ನೋಡಬೇಕು. ಕೋಟು, ಚೀಲ ಹೊರಗಿಡಿಸಿ, ಜೇಬು ಖಾಲಿ ಮಾಡಿಸಿ, ಕಣ್ಣೆದುರೇ ಕೈ ತೊಳೆಸಬೇಕು. ಶೌಚಾಲಯದ ನಲ್ಲಿಗಳನ್ನು ಬಂದ್ ಮಾಡಿ ಟೇಪು ಹಚ್ಚಬೇಕು, ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರಬೇಕು, ಸೋಪು-ಕ್ಲೀನರ್ ಏನೂ ಒಳಗಿರಬಾರದು. ಕಪ್ಪಿನ ಪೊಟ್ಟಣವನ್ನು ನೌಕರನ ಎದುರೇ ಒಡೆಯಬೇಕು. ಫ್ಲಷ್ ಮಾಡಬೇಡಿ ಎಂದು ಮೊದಲೇ ಹೇಳಬೇಕು. ಕಪ್ಪು ಕೈಗೆ ಬಂದ ನಾಲ್ಕು ನಿಮಿಷದೊಳಗೆ ಅದರ ಹೊರಮೈಯ ತಾಪಮಾನ ಪಟ್ಟಿ ಓದಬೇಕು. 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ನಾಲ್ಕು ನಿಮಿಷ ದಾಟಿಸಿ ಓದಿ 'ತಣ್ಣಗಿದೆ, ಹೊರಗಿಂದ ತಂದಿದ್ದಾನೆ' ಎಂದು ಆರೋಪಿಸಿದರೆ ಆ ಆರೋಪ ನಿಲ್ಲುವುದಿಲ್ಲ, ಕಪ್ಪು ತಣಿದಿದ್ದು ನಿಮ್ಮ ಮೇಜಿನ ಮೇಲೆ.

ಕನಿಷ್ಠ 45 ಮಿಲಿ ಬೇಕು. 30 ಮಿಲಿ ಮೊದಲ ಬಾಟಲಿಗೆ, 15 ಮಿಲಿ ಎರಡನೆಯದಕ್ಕೆ. ಈ ಎರಡನೇ ಬಾಟಲಿ ನೌಕರನ ಹಕ್ಕು, ಬೇರೆ ಲ್ಯಾಬಿನಲ್ಲಿ ಮರುಪರೀಕ್ಷೆ ಕೇಳಲು. ಅಮೆರಿಕದ ನಿಯಮದಲ್ಲಿ ಫಲಿತಾಂಶ ತಿಳಿಸಿದ ಮೇಲೆ ಅದಕ್ಕೆ 72 ಗಂಟೆ ಕಾಲಾವಕಾಶವಿದೆ. ಕ್ರಮ ಹೀಗಿರಲಿ: ಸುರಿಯುವುದು, ಮುಚ್ಚಳ ಬಿಗಿಯುವುದು, ಸೀಲು ಅಂಟಿಸುವುದು, ಸೀಲಿನ ಮೇಲೆ ದಿನಾಂಕ, ಆಮೇಲೆ ನೌಕರನ ಕಿರುಸಹಿ. ಇದೆಲ್ಲ ಮುಗಿಯುವವರೆಗೆ ಬಾಟಲಿ ಅವನ ಕಣ್ಣಿನಿಂದ ಮರೆಯಾಗಬಾರದು. ಹೊತ್ತು ಉಳಿಸಲು ಬೆಳಿಗ್ಗೆಯೇ ಹತ್ತು ಸೀಲುಗಳಿಗೆ ಸಹಿ ಹಾಕಿಸಿಟ್ಟುಕೊಳ್ಳುವ ಕಡೆಗಳಿವೆ. ಅಲ್ಲಿ ಬಾಟಲಿ ಅದಲುಬದಲಾಗಿಲ್ಲ ಎಂದು ಯಾರೂ ಸಾಬೀತು ಮಾಡಲಾರರು.

ಮೂತ್ರ ಬರುತ್ತಿಲ್ಲ ಎಂದರೆ ಅದು ನಿರಾಕರಣೆ ಅಲ್ಲ. ಮೂರು ಗಂಟೆಯವರೆಗೆ ಕಾಯಬೇಕು, ಅಷ್ಟರಲ್ಲಿ ಒಟ್ಟು ಸುಮಾರು 1.2 ಲೀಟರ್ ನೀರಿಗಿಂತ ಹೆಚ್ಚು ಕುಡಿಸಬಾರದು. ಹೆಚ್ಚು ಕುಡಿಸಿದರೆ ಸ್ಯಾಂಪಲ್ ತೆಳುವಾಗುತ್ತದೆ. ಮೂತ್ರದಲ್ಲಿ ಸಹಜವಾಗಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಪ್ರತಿ ಡೆಸಿಲೀಟರಿಗೆ 2ರಿಂದ 20 ಮಿಲಿಗ್ರಾಂ ನಡುವೆ ಇದ್ದು ಸಾಂದ್ರತೆಯೂ ಇಳಿದಿದ್ದರೆ ಲ್ಯಾಬ್ 'ಡೈಲ್ಯೂಟ್' ಎಂದು ಬರೆಯುತ್ತದೆ. ಅದನ್ನು ವಂಚನೆ ಎಂದು ಓದಬೇಡಿ. ಬಿಸಿ ಜಾಗದಲ್ಲಿ ದುಡಿದು ಹೆಚ್ಚು ನೀರು ಕುಡಿಯುವವರಲ್ಲಿ ಇದು ಸಹಜ. ಮರುಸಂಗ್ರಹ ಮಾಡಬಹುದು, ಆದರೆ ಡೈಲ್ಯೂಟ್ ಬಂದ ಎಲ್ಲರಿಗೂ ಒಂದೇ ನಿಯಮ ಎಂದು ನೀತಿಯಲ್ಲೇ ಬರೆದಿರಬೇಕು.


ಉತ್ತರ 3: ಕ್ರೇನ್_ಕೆಳಗೆ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೂ ರ‍್ಯಾಂಡಮ್ ಪರೀಕ್ಷೆಯನ್ನು ಪೂರ್ತಿ ಕೈಬಿಡಿ ಎನ್ನುವ ವಾದವನ್ನು ಒಪ್ಪಲಾರೆ. ಎತ್ತಿದ ಹೊರೆಯ ಕೆಳಗೆ ನಿಂತವನಿಗೂ ಹಕ್ಕುಗಳಿವೆ.

1987ರ ಜನವರಿ 4ರಂದು ಅಮೆರಿಕದ ಮೇರಿಲ್ಯಾಂಡ್‌ನ ಚೇಸ್ ಎಂಬಲ್ಲಿ ಸರಕು ರೈಲು ಕಂಪನಿ ಕಾನ್‌ರೇಲ್ ಎಂಜಿನ್‌ಗಳು ನಿಲ್ಲುವ ಸಿಗ್ನಲ್ ದಾಟಿ ಆ್ಯಮ್‌ಟ್ರ್ಯಾಕ್ ಪ್ರಯಾಣಿಕ ರೈಲಿನ ದಾರಿಗೆ ಬಂದವು. 16 ಜನ ಸತ್ತರು. ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ದರು. 1991ರಲ್ಲಿ ಸಾರಿಗೆ ನೌಕರರ ಕಡ್ಡಾಯ ಪರೀಕ್ಷೆಯ ಕಾಯ್ದೆ ಬರಲು ಈ ದುರಂತ ಮುಖ್ಯ ಕಾರಣ. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ಸಂಗತಿಯಿದೆ, ಪರೀಕ್ಷೆ ಬೇಕು ಎನ್ನುವವರು ಅದನ್ನು ಬಿಟ್ಟುಬಿಡುತ್ತಾರೆ: ಸಿಗ್ನಲ್ ಬದಲಾದರೆ ಎಚ್ಚರಿಸಬೇಕಿದ್ದ ಸೀಟಿಗೆ ಟೇಪು ಸುತ್ತಿ ಸದ್ದಡಗಿಸಲಾಗಿತ್ತು, ಕ್ಯಾಬಿನ್‌ನ ಸಿಗ್ನಲ್ ಸೂಚಕದಲ್ಲಿ ಒಂದು ಬಲ್ಬೇ ಇರಲಿಲ್ಲ. ಹೊರಡುವ ಮುನ್ನ ಎಂಜಿನ್ ತಪಾಸಣೆ ಸರಿಯಾಗಿ ನಡೆದಿದ್ದರೆ ಇವೆರಡೂ ಕಣ್ಣಿಗೆ ಬೀಳುತ್ತಿದ್ದವು. ಹಾಗಾಗಿ ಪರೀಕ್ಷೆ ಬೇಕು, ಅದು ತಪಾಸಣೆಯ ಜಾಗವನ್ನು ಕಿತ್ತುಕೊಳ್ಳಬಾರದು. ಬಜೆಟ್ ಕಿಟ್‌ಗೆ ಹೋಗಿ ಕ್ರೇನ್ ಮಿತಿ ದಾಟಿ ಚಲಿಸದಂತೆ ನಿಲ್ಲಿಸುವ ಲಿಮಿಟ್ ಸ್ವಿಚ್ ತಪಾಸಣೆ ಮುಂದಕ್ಕೆ ಹೋದರೆ ಅಪಾಯ ಹೆಚ್ಚಾಯಿತು ಎಂದೇ ಅರ್ಥ.

ಅಪಘಾತ ಕಡಿಮೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಪುರಾವೆ ಎರಡು ಕಡೆಗೂ ವಾಲುತ್ತದೆ. 1990ರಲ್ಲಿ ಪ್ರಕಟವಾದ ಬಾಸ್ಟನ್ ಅಂಚೆ ನೌಕರರ ಅಧ್ಯಯನದಲ್ಲಿ, ಸೇರುವಾಗ ಗಾಂಜಾ ಪಾಸಿಟಿವ್ ಬಂದಿದ್ದವರಿಗೆ ಅಪಘಾತ ಶೇ 55, ಗಾಯ ಶೇ 85 ಹೆಚ್ಚಿತ್ತು. ಕಡಿಮೆ ಸಂಖ್ಯೆಯಲ್ಲ. ಆದರೆ ಆಗಿನವರೆಗೆ ಪ್ರಚಾರದಲ್ಲಿದ್ದ ಅಂಕಿಗಳಿಗಿಂತ ಬಹಳ ಕಡಿಮೆ ಎಂದು ಆ ಸಂಶೋಧಕರೇ ಹೇಳಿದ್ದರು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ, 2004ರಲ್ಲಿ ಬ್ರಿಟನ್ನಿನ ಸ್ವತಂತ್ರ ವಿಚಾರಣಾ ಸಮಿತಿ ಎರಡೂ, ಪರೀಕ್ಷೆಯಿಂದ ಸುರಕ್ಷತೆ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಾಲದು ಎಂಬ ನಿಲುವಿಗೆ ಬಂದವು. ಇದರಿಂದ ನಾನು ತೆಗೆಯುವ ತೀರ್ಮಾನ: ಒಂದು ಕ್ಷಣದ ತಪ್ಪಿಗೆ ಇನ್ನೊಬ್ಬರ ಜೀವ ಹೋಗುವ ಹುದ್ದೆಗಳಿಗೆ ಪರೀಕ್ಷೆ ಇರಲಿ. ಲೆಕ್ಕಪತ್ರ ವಿಭಾಗಕ್ಕೆ ಯಾವ ಸಮರ್ಥನೆಯೂ ಇಲ್ಲ.

ರ‍್ಯಾಂಡಮ್ ಆಯ್ಕೆಯನ್ನು ಕಂಪ್ಯೂಟರೇ ಮಾಡಬೇಕು. ಪ್ರತಿ ಸಲವೂ ಪೂರ್ತಿ ಪಟ್ಟಿಯಿಂದಲೇ ಆರಿಸಬೇಕು, ಒಮ್ಮೆ ಬಂದವನ ಹೆಸರು ತೆಗೆಯಬಾರದು. ತೆಗೆದರೆ ಅವನಿಗೆ ವರ್ಷವಿಡೀ ನಿಶ್ಚಿಂತೆ. ಇದರ ಫಲ ಏನೆಂದು ಮೊದಲೇ ಎಲ್ಲರಿಗೂ ವಿವರಿಸಿ: 40 ಜನರ ಪಟ್ಟಿ, ಮೂರು ತಿಂಗಳಿಗೊಮ್ಮೆ ಐವರ ಆಯ್ಕೆ ಎಂದರೆ ವರ್ಷಕ್ಕೆ 20 ಪರೀಕ್ಷೆ. ಒಬ್ಬರಿಗೆ ಇಡೀ ವರ್ಷ ಕರೆ ಬಾರದಿರುವ ಸಾಧ್ಯತೆ ಶೇ 59ರ ಹತ್ತಿರ. ಅಂದರೆ ಸುಮಾರು 23 ಮಂದಿಗೆ ಕರೆಯೇ ಬರುವುದಿಲ್ಲ, ಮೂರು ನಾಲ್ಕು ಮಂದಿಗೆ ಎರಡೆರಡು ಸಲ ಬರುತ್ತದೆ. ಈ ಲೆಕ್ಕ ಗೊತ್ತಿಲ್ಲದಿದ್ದರೆ ಎರಡು ಸಲ ಕರೆಸಿಕೊಂಡವನು ತನ್ನನ್ನೇ ಗುರಿ ಮಾಡಿದ್ದಾರೆ ಎಂದುಕೊಳ್ಳುವುದು ಸಹಜ. ಪಟ್ಟಿಯಲ್ಲಿ ಮ್ಯಾನೇಜರ್‌ಗಳ ಹೆಸರು ಇಲ್ಲದಿದ್ದರೆ ಅವನ ಅನುಮಾನ ನ್ಯಾಯವಾದದ್ದೇ.

ಅಪಘಾತದ ನಂತರದ ಪರೀಕ್ಷೆಗೆ ಗಡುವು ಇರಲಿ. ಅಮೆರಿಕದ ಟ್ರಕ್ ಚಾಲಕರ ನಿಯಮದಲ್ಲಿ ಮದ್ಯಕ್ಕೆ ಎರಡು ಗಂಟೆಯೊಳಗೆ ಪ್ರಯತ್ನಿಸಬೇಕು, ಎಂಟು ಗಂಟೆ ದಾಟಿದರೆ ಬಿಡಬೇಕು. ಡ್ರಗ್ಸ್‌ಗೆ 32 ಗಂಟೆ. ಚಿಕಿತ್ಸೆ ಮೊದಲು, ಪರೀಕ್ಷೆ ನಂತರ. ಎಲ್ಲ ಸಣ್ಣ ಗಾಯಕ್ಕೂ ಪರೀಕ್ಷೆ ಎಂದು ಬರೆದರೆ ಜನ ಗಾಯವನ್ನೇ ಮುಚ್ಚಿಡುತ್ತಾರೆ. ಬೆರಳು ಜಜ್ಜಿದ್ದು ದಾಖಲಾಗದಿದ್ದರೆ ಆ ಯಂತ್ರದ ಗಾರ್ಡ್ ಸಡಿಲವಾಗಿರುವುದೂ ನಿಮಗೆ ತಿಳಿಯುವುದಿಲ್ಲ.


ಉತ್ತರ 4: ಕೈಗಡಿ_ಯೂನಿಯನ್

ಹುದ್ದೆಗಳ ಪಟ್ಟಿ ಮಾಡುವಾಗಲೇ ಯೂನಿಯನ್ನನ್ನು ಕೂರಿಸಿಕೊಳ್ಳಿ. ನೀತಿ ಬರೆದು ಮುಗಿಸಿ ಸಹಿಗೆ ಕಳಿಸಿದರೆ ಅದು ಸಮಾಲೋಚನೆ ಅಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಹೊರತಂದ ಆಚರಣಾ ಸಂಹಿತೆಯೂ ಆಡಳಿತ ಮತ್ತು ಕಾರ್ಮಿಕರು ಸೇರಿಯೇ ನೀತಿ ರೂಪಿಸಬೇಕು, ಮದ್ಯ-ಮಾದಕ ವಸ್ತುವಿನ ಸಮಸ್ಯೆಯನ್ನು ಆರೋಗ್ಯದ ಸಮಸ್ಯೆಯಾಗಿ ನೋಡಬೇಕು ಎನ್ನುತ್ತದೆ.

ನ್ಯಾಯಾಲಯಗಳು ಒಂದೇ ದಿಕ್ಕಿಗೆ ಹೋಗಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ರೈಲ್ವೆ ನೌಕರರ ಪ್ರಕರಣದಲ್ಲಿ, ವ್ಯಕ್ತಿಯ ಮೇಲೆ ನಿರ್ದಿಷ್ಟ ಅನುಮಾನ ಇಲ್ಲದಿದ್ದರೂ ಅಪಘಾತದ ನಂತರ ಪರೀಕ್ಷೆ ಮಾಡಬಹುದು ಎಂದಿತು. ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ ಇರ್ವಿಂಗ್ ಕಾಗದ ಕಾರ್ಖಾನೆಯ ಪ್ರಕರಣದಲ್ಲಿ, ಕೆಲಸ ಅಪಾಯಕಾರಿ ಎಂಬುದೊಂದೇ ರ‍್ಯಾಂಡಮ್ ಮದ್ಯ ಪರೀಕ್ಷೆಗೆ ಸಾಲದು, ಆ ಜಾಗದಲ್ಲಿ ಕುಡಿತದ ಸಮಸ್ಯೆ ಇದೆ ಎಂಬ ಪುರಾವೆಯಂಥ ಹೆಚ್ಚುವರಿ ಕಾರಣ ಬೇಕು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ, ಅಮಲು ತರದ ಗಾಂಜಾ ಉಪವಸ್ತು ಸಿಕ್ಕಿತು ಎಂಬುದಷ್ಟಕ್ಕೇ ಕೆಲಸ ನಿರಾಕರಿಸುವುದನ್ನು ಬಹುತೇಕ ಉದ್ಯೋಗಗಳಲ್ಲಿ ನಿಷೇಧಿಸಿದ್ದಾರೆ. ಲ್ಯಾಬ್_ಬೆಂಚು ಅವರು ವಿವರಿಸಿದ ಅದೇ ಕಾರಣಕ್ಕೆ. ನಿಮ್ಮ ಜಾಗದ ಕಾನೂನು ಏನೇ ಇರಲಿ, ವಾದ ನಡೆಯುವುದು ಈ ಅಳತೆಗೋಲುಗಳ ಮೇಲೆಯೇ: ಅಪಾಯ ನಿಜವೇ, ಕಡಿಮೆ ಒಳನುಗ್ಗುವ ದಾರಿ ಇತ್ತೇ, ಸಿಕ್ಕ ಮಾಹಿತಿ ಯಾರ ಕೈ ಸೇರಿತು.

ಕೂದಲು ಪರೀಕ್ಷೆ ಮಾರುವ ಕಂಪನಿಗಳು ಬಂದರೆ ಎಚ್ಚರಿಕೆ. ಸುಮಾರು ನಾಲ್ಕು ಸೆಂಟಿಮೀಟರ್ ಕೂದಲಿನಿಂದ ಮೂರು ತಿಂಗಳ ಹಿನ್ನೋಟ ಸಿಗುತ್ತದೆ ಎನ್ನುವುದು ಅವರ ಮಾರಾಟದ ಮಾತು. ಮೂರು ತಿಂಗಳ ಹಿಂದಿನ ರಜೆಯಲ್ಲಿ ಏನು ಮಾಡಿದ ಎಂಬುದಕ್ಕೂ ಇವತ್ತಿನ ಶಿಫ್ಟಿಗೂ ಸಂಬಂಧವಿಲ್ಲ. ಮೇಲಾಗಿ ಕಪ್ಪು ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಕೊಕೇನ್‌ನಂಥ ವಸ್ತುಗಳನ್ನು ಹೆಚ್ಚು ಹಿಡಿದಿಡುತ್ತದೆ. ಬಾಸ್ಟನ್ ಪೊಲೀಸರ ಕೂದಲು ಪರೀಕ್ಷೆ ವರ್ಷಗಟ್ಟಲೆ ಕೋರ್ಟು ಹತ್ತಿದ್ದು ಕಪ್ಪು ಜನಾಂಗದ ಅಧಿಕಾರಿಗಳು ಹೆಚ್ಚು ಪಾಸಿಟಿವ್ ಬರುತ್ತಿದ್ದಾರೆ ಎಂಬ ದೂರಿನ ಮೇಲೆ.

ಇನ್ನೊಂದು ಮಾತು, ಡಬಲ್ ಶಿಫ್ಟ್ ಬಗ್ಗೆ. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯಿತು. ಸತತ ಎರಡು ಶಿಫ್ಟ್ ಮಾಡಿಸಿದ ಮೇಲೆ ಮೂತ್ರ ಕೇಳುವ ಆಡಳಿತ ಸುರಕ್ಷತೆಯ ಬಗ್ಗೆ ಮಾತಾಡುತ್ತಿದೆ ಎಂದು ಕಾರ್ಮಿಕರು ಯಾಕೆ ನಂಬಬೇಕು? ನೀತಿಯಲ್ಲಿ ಕೆಲಸದ ಗಂಟೆಗಳ ಮಿತಿಯೂ ಬರಲಿ, ಆಗ ಮಾತುಕತೆಗೆ ದಾರಿಯಾಗುತ್ತದೆ.


ಉತ್ತರ 5: ಔದ್ಯೋಗಿಕ_ವೈದ್ಯೆ

ನಾಲ್ಕನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಅದನ್ನೇ ಹೇಳುತ್ತೇನೆ.

ಲ್ಯಾಬಿನ ಪಾಸಿಟಿವ್ ನೇರವಾಗಿ ಎಚ್‌ಆರ್ ಮೇಜಿಗೆ ಹೋಗಬಾರದು. ನಡುವೆ ಈ ವಿಷಯದಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಇರಬೇಕು. ಅವರು ನೌಕರನಿಗೆ ಗೋಪ್ಯವಾಗಿ ಫೋನ್ ಮಾಡಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ, ಯಾರು ಬರೆದುಕೊಟ್ಟರು ಎಂದು ಕೇಳಿ, ಚೀಟಿಯನ್ನು ಔಷಧಿ ಅಂಗಡಿ ಅಥವಾ ವೈದ್ಯರಲ್ಲಿ ತಾಳೆ ನೋಡುತ್ತಾರೆ. ನ್ಯಾಯವಾದ ವೈದ್ಯಕೀಯ ಕಾರಣ ಸಿಕ್ಕರೆ ಉದ್ಯೋಗದಾತನಿಗೆ ಹೋಗುವ ವರದಿ 'ನೆಗೆಟಿವ್'. ಸಂಖ್ಯೆ ಓದಲು ರಸಾಯನಶಾಸ್ತ್ರ ಗೊತ್ತಿರಬೇಕು. ಕೊಡೀನ್ ಮಾತ್ರೆ ನುಂಗಿದವರಲ್ಲಿ ಮಾರ್ಫಿನ್ ಕೂಡ ಕಾಣುತ್ತದೆ, ಏಕೆಂದರೆ ದೇಹ ಕೊಡೀನನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. 6-ಅಸಿಟೈಲ್‌ಮಾರ್ಫಿನ್ ಸಿಕ್ಕರೆ ಮಾತ್ರ ಅದು ಹೆರಾಯಿನ್‌ನ ಗುರುತು. ಮೂಗಿಗೆ ಎಳೆದುಕೊಳ್ಳುವ ಕೆಲವು ಇನ್‌ಹೇಲರ್‌ಗಳಲ್ಲಿ ಮೆಥಾಂಫೆಟಮೈನ್‌ನ ಎಡಗೈ ರೂಪ ಇರುತ್ತದೆ. ಎಡ-ಬಲ ರೂಪ ಬೇರ್ಪಡಿಸುವ ಪರೀಕ್ಷೆ ಕೇಳದಿದ್ದರೆ ನೆಗಡಿಯವನು ವ್ಯಸನಿ ಎನ್ನಿಸಿಕೊಳ್ಳುತ್ತಾನೆ. ಇನ್ನೊಂದು ಕಡೆ, ಓಪಿಯೇಟ್ ಪಟ್ಟಿಗೆ ಫೆಂಟಾನಿಲ್, ಟ್ರಮಡಾಲ್ ಎಂಬ ಕೃತಕ ನೋವುನಿವಾರಕಗಳು ಕಾಣುವುದಿಲ್ಲ, ಗಾಂಜಾ ಪಟ್ಟಿಗೆ ಗಾಂಜಾದಂತೆ ಅಮಲೇರಿಸುವ ಕೃತಕ ಕ್ಯಾನಬಿನಾಯ್ಡ್‌ಗಳು ಕಾಣುವುದಿಲ್ಲ. ಕಠಿಣ ಗಾಂಜಾ ಪರೀಕ್ಷೆ ಇದ್ದ ಕಡೆ ಜನ ಇಂಥ ಹೆಚ್ಚು ಅಪಾಯದ ವಸ್ತುವಿಗೆ ಹೊರಳುವ ಭಯ ನಿಜವಾದದ್ದು.

'ಎಲ್ಲರೂ ತಮ್ಮ ಔಷಧಿಗಳ ಪಟ್ಟಿ ಎಚ್‌ಆರ್‌ಗೆ ಕೊಡಬೇಕು' ಎಂಬ ಸಾಲು ನೀತಿಯಲ್ಲಿದ್ದರೆ ಇವತ್ತೇ ತೆಗೆದುಹಾಕಿ. ಆ ಪಟ್ಟಿಯಿಂದ ಎಚ್‌ಐವಿ, ಅಪಸ್ಮಾರ, ಖಿನ್ನತೆ, ಗರ್ಭ ಎಲ್ಲ ಬಯಲಾಗುತ್ತದೆ. ಅಪಾಯದ ಹುದ್ದೆಯವರು ಮಾತ್ರ, ತೂಕಡಿಕೆ ತರುವ ಔಷಧಿ ಶುರುವಾದಾಗ ಮಾತ್ರ, ವೈದ್ಯರಿಗೆ ಮಾತ್ರ ತಿಳಿಸಬೇಕು. ವೈದ್ಯರು ಮೇಲ್ವಿಚಾರಕನಿಗೆ ಕೊಡುವುದು ಮೂರರಲ್ಲಿ ಒಂದು ವಾಕ್ಯ: ಕೆಲಸಕ್ಕೆ ಅರ್ಹ, ಇಂಥ ನಿರ್ಬಂಧದೊಂದಿಗೆ ಅರ್ಹ, ತಾತ್ಕಾಲಿಕವಾಗಿ ಅನರ್ಹ. ಕಾಯಿಲೆಯ ಹೆಸರು ಬೇಡ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಹಳೇ ಬಗೆಯ ಆ್ಯಂಟಿಹಿಸ್ಟಮಿನ್ ಯಾವ ಪ್ಯಾನೆಲ್‌ನಲ್ಲೂ ಸಿಗುವುದಿಲ್ಲ, ಆದರೆ ಕ್ರೇನ್ ಮೇಲೆ ಕಣ್ಣು ಮುಚ್ಚಿಸುತ್ತದೆ. ತಿಳಿಸಿದವನಿಗೆ ಅಂದಿನ ಸಂಬಳ ಕಡಿತವಾಗುವುದಿಲ್ಲ, ಬೇರೆ ಕೆಲಸ ಕೊಡುತ್ತೇವೆ ಎಂಬ ಭರವಸೆ ಇದ್ದರೆ ಮಾತ್ರ ಅವನು ಬಾಯಿ ಬಿಡುತ್ತಾನೆ.

ಅಂದೇ ಗೇಟಿನಿಂದ ಹೊರಗೆ ಕಳಿಸುವುದರಲ್ಲಿ ಯಾರೂ ಯೋಚಿಸದ ಅಪಾಯವೊಂದಿದೆ. ದಿನವೂ ಹೆಚ್ಚು ಕುಡಿಯುವವರು, ನಿದ್ದೆ-ಆತಂಕಕ್ಕೆ ಕೊಡುವ ಬೆಂಜೊಡೈಯಜೆಪಿನ್ ಮಾತ್ರೆಯನ್ನು ದಿನವೂ ನುಂಗುವವರು ಹೆದರಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮದ್ಯದ ವಿಷಯದಲ್ಲಿ ಅದು ಕೊನೆಯ ಗುಟುಕಿನ 6ರಿಂದ 48 ಗಂಟೆಯೊಳಗೆ ಬರುವುದು ಹೆಚ್ಚು. ಒಬ್ಬನೇ ವಾಹನ ಓಡಿಸಿಕೊಂಡು ಹೋಗದಂತೆ, ಮನೆಯವರೊಬ್ಬರು ಬಂದು ಕರೆದೊಯ್ಯುವಂತೆ, ವೈದ್ಯರ ಅಪಾಯಿಂಟ್‌ಮೆಂಟ್ ಕೈಯಲ್ಲಿರುವಂತೆ ನೋಡಿಕೊಳ್ಳಬೇಕು. ಪರೀಕ್ಷೆಗೆ ಹೆಸರು ಬರುವ ಮೊದಲೇ ತಾನಾಗಿ ಬಂದು ಸಹಾಯ ಕೇಳಿದವನನ್ನು ಶಿಸ್ತು ಕ್ರಮದಿಂದ ಹೊರಗಿಡಿ. ಮರಳಿ ಸೇರಿದವರಿಗೆ ಅಮೆರಿಕದ ಸಾರಿಗೆ ನಿಯಮ ಮೊದಲ 12 ತಿಂಗಳಲ್ಲಿ ಕನಿಷ್ಠ 6 ಮುನ್ಸೂಚನೆ ಇಲ್ಲದ ಪರೀಕ್ಷೆ ಹೇಳುತ್ತದೆ. ಅದು ಒಳ್ಳೆಯ ಮಾದರಿ.


ಶಿಫ್ಟ್_ಸುರಕ್ಷತೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ಕಚೇರಿ ಸಿಬ್ಬಂದಿಯನ್ನು ಬಿಡುವುದು, ಲ್ಯಾಬ್ ಖಚಿತಪಡಿಸುವವರೆಗೆ ಕೆಲಸದಿಂದ ತೆಗೆಯದಿರುವುದು, ನಡುವೆ ವೈದ್ಯರು, ಇವನ್ನು ಆಡಳಿತದ ಮುಂದಿಡುತ್ತೇನೆ. ಉಳಿದದ್ದು ಎರಡು. ಮೂತ್ರದ ಬದಲು ಬಾಯಿಯ ಜೊಲ್ಲು ತೆಗೆದುಕೊಂಡರೆ ಅಮಲಿನ ಪ್ರಶ್ನೆ ಬಗೆಹರಿಯುತ್ತದೆಯೇ? ಅನುಮಾನ ಬಂದಾಗ ಮೇಲ್ವಿಚಾರಕ ಏನು ಬರೆಯಬೇಕು?


ಲ್ಯಾಬ್_ಬೆಂಚು

ಪೂರ್ತಿ ಬಗೆಹರಿಯುವುದಿಲ್ಲ, ಹತ್ತಿರ ಬರುತ್ತದೆ. ಜೊಲ್ಲಿನಲ್ಲಿ ಹುಡುಕುವುದು ಟಿಎಚ್‌ಸಿಯನ್ನೇ, ಅದರ ಉಪವಸ್ತುವನ್ನಲ್ಲ. ಅಮೆರಿಕದ ಸಾರಿಗೆ ಇಲಾಖೆ 2023ರಲ್ಲಿ ಜೊಲ್ಲಿನ ಪರೀಕ್ಷೆಗೆ ನಿಯಮ ರೂಪಿಸಿತು. ಗಾಂಜಾಕ್ಕೆ ಕಟ್-ಆಫ್ ಸ್ಕ್ರೀನಿಂಗ್‌ಗೆ 4, ಖಚಿತಪಡಿಸಲು 2 ನ್ಯಾನೋಗ್ರಾಂ. ಅವಧಿ ಗಂಟೆಗಳಿಂದ ಒಂದೆರಡು ದಿನ. ಹಾಗಾಗಿ ಹೋದ ತಿಂಗಳ ಬಳಕೆ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಎಲ್ಲ ಕಣ್ಣೆದುರೇ ನಡೆಯುವುದರಿಂದ ಶೌಚಾಲಯದ ಮುಜುಗರವೂ, ಬಾಟಲಿ ಬದಲಿಸುವ ಆಟವೂ ಇಲ್ಲ. ಶುರು ಮಾಡುವ ಮುನ್ನ ಬಾಯಿ ಖಾಲಿ ಇದೆಯೇ ನೋಡಿ, ಹತ್ತು ನಿಮಿಷ ಏನನ್ನೂ ಬಾಯಿಗೆ ಹಾಕದಂತೆ ಕೂರಿಸಬೇಕು. ಸೇದಿದ ಸ್ವಲ್ಪ ಹೊತ್ತಿಗೆ ಬಾಯಿಯ ಒಳಮೈಗೆ ಅಂಟಿದ ಟಿಎಚ್‌ಸಿಯಿಂದ ಸಂಖ್ಯೆ ಏಕಾಏಕಿ ಏರಿರುತ್ತದೆ. ಆ ಸಂಖ್ಯೆ ನೋಡಿ ರಕ್ತದಲ್ಲಿ ಇಷ್ಟಿತ್ತು ಎಂದು ಲೆಕ್ಕ ಕಟ್ಟಬೇಡಿ. ಗಾಂಜಾ, ಕೆಲವು ಔಷಧಿಗಳು ಬಾಯಿ ಒಣಗಿಸುತ್ತವೆ, ಪ್ಯಾಡ್‌ನ ಸೂಚಕ ಬಣ್ಣ ತಿರುಗುವವರೆಗೆ ಕಾಯದೆ ತೆಗೆದರೆ ಪ್ರಮಾಣ ಸಾಲದೆ ಲ್ಯಾಬ್ ತಿರಸ್ಕರಿಸುತ್ತದೆ.

ಮದ್ಯಕ್ಕೆ ಉಸಿರಿನ ಯಂತ್ರವೇ ಬೇಕು. ಮೊದಲ ಓದು 0.02 ಅಥವಾ ಹೆಚ್ಚಿದ್ದರೆ 15 ನಿಮಿಷ ಕಾಯಿಸಿ ಎರಡನೇ ಓದು ತೆಗೆಯಿರಿ. ಮೌತ್‌ವಾಶ್‌ನ ಮದ್ಯ ಅಷ್ಟರಲ್ಲಿ ಬಾಯಿಂದ ಹೋಗಿರುತ್ತದೆ, ರಕ್ತದ್ದು ಹೋಗಿರುವುದಿಲ್ಲ.


ಕ್ರೇನ್_ಕೆಳಗೆ

ಅನುಮಾನದ ನಮೂನೆಗೆ: ಒಬ್ಬನ ಮಾತು ಸಾಲದು, ತರಬೇತಿ ಪಡೆದ ಇಬ್ಬರು ಬೇರೆಬೇರೆಯಾಗಿ ನೋಡಿ ಬೇರೆಬೇರೆ ಹಾಳೆಯಲ್ಲಿ ಬರೆಯಲಿ. ಅಮೆರಿಕದ ಟ್ರಕ್ ನಿಯಮದಲ್ಲಿ ಮೇಲ್ವಿಚಾರಕನಿಗೆ ಮದ್ಯದ ಬಗ್ಗೆ 60 ನಿಮಿಷ, ಡ್ರಗ್ಸ್ ಬಗ್ಗೆ 60 ನಿಮಿಷ ತರಬೇತಿ ಕಡ್ಡಾಯ. 'ನಶೆಯಲ್ಲಿದ್ದ' ಎಂದು ಬರೆದರೆ ಅದು ತೀರ್ಪು, ವಿವರಣೆ ಅಲ್ಲ. 'ಮಧ್ಯಾಹ್ನ 2.10, ಮೂರನೇ ಬೇ. ಪಾರ್ಕಿಂಗ್ ಬ್ರೇಕ್ ಹಾಕದೆ ಫೋರ್ಕ್‌ಲಿಫ್ಟಿನಿಂದ ಇಳಿದ. ಹೆಸರು ಕರೆದಾಗ ಎರಡನೇ ಸಲಕ್ಕೆ ತಿರುಗಿದ. ಮಾತು ತೊದಲುತ್ತಿತ್ತು. ಒಂದು ಮೀಟರ್ ದೂರದಲ್ಲಿ ಮದ್ಯದ ವಾಸನೆ ಇರಲಿಲ್ಲ. ಹಣೆ ಬೆವರಿತ್ತು.' ಹೀಗಿರಬೇಕು. ಹೀಗೆ ಬರೆದ ಹಾಳೆ ಓದಿದ ವೈದ್ಯರಿಗೆ ಮೊದಲು ಹೊಳೆಯುವುದು ಗ್ಲೂಕೋಮೀಟರ್. ಸಕ್ಕರೆ ಇಳಿದವನೂ, ಪಾರ್ಶ್ವವಾಯು ಶುರುವಾದವನೂ ಹೀಗೇ ಕಾಣುತ್ತಾರೆ. ಆದ್ದರಿಂದ ನಮೂನೆಯ ಮೊದಲ ಸಾಲೇ 'ವೈದ್ಯಕೀಯ ತುರ್ತು ಅಲ್ಲ ಎಂದು ನೋಡಿದವರು, ಸಮಯ' ಎಂದಿರಲಿ. ಅದು ಭರ್ತಿಯಾದ ಮೇಲೆ ಕಪ್ಪು ಕೈಗೆತ್ತಿಕೊಳ್ಳಿ.